ಅಭಾವದ ಅರಿವು: ನಾಕೌಟ್ ಕೋಶಗಳು ಮತ್ತು ಸಕ್ಕರೆಯ ಸರಪಳಿಗಳು

ಒಂದು ಜೀನನ್ನು ಉದ್ದೇಶಪೂರ್ವಕವಾಗಿ ಕೆಡಿಸಿ, ಅದಿಲ್ಲದೆ ಬದುಕುವಂತೆ ಬೆಳೆಸಿದ ಜೀವಕೋಶಗಳ ಸಂತತಿಗೆ ನಾಕೌಟ್ ಕೋಶತಳಿ ಎಂದು ಹೆಸರು. ಪ್ರೋಟೀನು ಮತ್ತು ಕೊಬ್ಬಿನ ಅಣುಗಳಿಗೆ ಸಕ್ಕರೆಯ ಸರಪಳಿಗಳು ಅಂಟಿಕೊಳ್ಳುವ ಕ್ರಿಯೆಯನ್ನು ಗ್ಲೈಕೋಸಿಲೇಶನ್ ಎನ್ನುತ್ತಾರೆ. ಕ್ಯಾನ್ಸರಿನಲ್ಲಿ ಈ ಕ್ರಿಯೆ ಹೇಗೆ ಹದಗೆಡುತ್ತದೆ ಎಂಬುದನ್ನು ತಿಳಿಯಲು ಸಂಶೋಧಕರು ಹೆಚ್ಚಾಗಿ ನೆಚ್ಚಿಕೊಂಡಿರುವುದು ನಾಕೌಟ್ ಕೋಶಗಳನ್ನೇ. ಜೀನು ಹೋದ ಮೇಲೆ ಕೋಶದಲ್ಲಿ ಏನು ಇಲ್ಲವಾಯಿತು, ಏನು ಬದಲಾಯಿತು ಎಂದು ನೋಡಿ, ಅದು ಇದ್ದಾಗ ಏನು ಮಾಡುತ್ತಿತ್ತು ಎಂದು ನಿರ್ಣಯಿಸುವುದು ಇಲ್ಲಿನ ಕ್ರಮ. ಈ ಕ್ರಮದ ಬುಡದಲ್ಲಿ ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆಯೊಂದಿದೆ: ಇಲ್ಲದಿರುವುದರಿಂದ ಇರುವುದನ್ನು ಅರಿಯಬಹುದೇ? ಅರಿಯಬಹುದಾದರೆ ಎಷ್ಟರ ಮಟ್ಟಿಗೆ, ಯಾವ ಷರತ್ತಿನ ಮೇಲೆ? ಭಾರತದ ದಾರ್ಶನಿಕರು ಅಭಾವದ ಬಗ್ಗೆ ಶತಮಾನಗಳ ಕಾಲ ವಾದಿಸಿದ್ದಾರೆ. ಆ ವಾದಗಳಲ್ಲಿ ಹದಗೊಂಡ ಎಚ್ಚರಗಳು ಇಂದಿನ ಪ್ರಯೋಗಾಲಯಕ್ಕೂ ಸಲ್ಲುತ್ತವೆ.

ಅಚ್ಚಿಲ್ಲದೆ ಕಟ್ಟುವ ಸರಪಳಿ

ಮನುಷ್ಯನ ಪ್ರತಿಯೊಂದು ಜೀವಕೋಶದ ಹೊರಮೈ ಸಕ್ಕರೆಗಳ ದಟ್ಟ ಹೊದಿಕೆಯಿಂದ ಮುಚ್ಚಿರುತ್ತದೆ. ಗ್ಯಾಲಕ್ಟೋಸ್, ಮ್ಯಾನೋಸ್, ಫ್ಯೂಕೋಸ್, ಸಯಾಲಿಕ್ ಆಮ್ಲ ಮುಂತಾದ ಕೆಲವೇ ಬಗೆಯ ಸಕ್ಕರೆಗಳು ಬೇರೆ ಬೇರೆ ಕ್ರಮದಲ್ಲಿ, ಬೇರೆ ಬೇರೆ ಕವಲುಗಳಲ್ಲಿ ಜೋಡಿಕೊಂಡು ಗ್ಲೈಕನ್ ಎಂಬ ಸರಪಳಿಗಳಾಗುತ್ತವೆ. ಪ್ರೋಟೀನಿನ ಆಸ್ಪರಜಿನ್ ಎಂಬ ಅಮೈನೋ ಆಮ್ಲಕ್ಕೆ ಅಂಟುವವು ಎನ್-ಗ್ಲೈಕನ್‌ಗಳು. ಸೆರಿನ್ ಅಥವಾ ಥ್ರಿಯೋನಿನ್‌ಗೆ ಅಂಟುವವು ಓ-ಗ್ಲೈಕನ್‌ಗಳು. ಕೋಶಗಳು ಒಂದನ್ನೊಂದು ಗುರುತಿಸುವುದು, ರೋಗನಿರೋಧಕ ವ್ಯವಸ್ಥೆ ತನ್ನವರನ್ನು ಪರಕೀಯರಿಂದ ಬೇರ್ಪಡಿಸುವುದು, ಹಾರ್ಮೋನುಗಳ ಸಂದೇಶ ಒಳಗೆ ತಲುಪುವುದು, ಇವೆಲ್ಲದರಲ್ಲೂ ಈ ಸರಪಳಿಗಳ ಪಾತ್ರವಿದೆ.

ಪ್ರೋಟೀನಿನ ಅಮೈನೋ ಆಮ್ಲಗಳ ಕ್ರಮ ಡಿಎನ್ಎಯಲ್ಲಿ ಬರೆದಿರುತ್ತದೆ. ಗ್ಲೈಕನ್ನಿಗೆ ಅಂಥ ಬರಹವಿಲ್ಲ, ಅಚ್ಚೂ ಇಲ್ಲ. ಮಾನವ ದೇಹದಲ್ಲಿ ಸುಮಾರು 200 ಗ್ಲೈಕೋಸಿಲ್ ಟ್ರಾನ್ಸ್‌ಫರೇಸ್ ಕಿಣ್ವಗಳಿವೆ. ಅವುಗಳಲ್ಲಿ ಒಂದೊಂದೂ ನಿರ್ದಿಷ್ಟ ಸಕ್ಕರೆಯನ್ನು ನಿರ್ದಿಷ್ಟ ಕೊಂಡಿಯಿಂದ ಸೇರಿಸಬಲ್ಲದು. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಮತ್ತು ಗಾಲ್ಜಿ ಎಂಬ ಒಳಪೊರೆಗಳ ಮೂಲಕ ಪ್ರೋಟೀನು ಸಾಗುವಾಗ ಯಾವ ಕಿಣ್ವ ಎಷ್ಟಿದೆ, ಎಲ್ಲಿ ನೆಲೆಸಿದೆ, ಕಚ್ಚಾ ಸಕ್ಕರೆ ಎಷ್ಟು ಒದಗುತ್ತಿದೆ, ಪ್ರೋಟೀನು ಅಲ್ಲಿ ಎಷ್ಟು ಹೊತ್ತು ತಂಗುತ್ತದೆ ಎಂಬುದೆಲ್ಲ ಸೇರಿ ಸರಪಳಿಯ ರೂಪ ನಿರ್ಧಾರವಾಗುತ್ತದೆ. ಒಂದೇ ಪ್ರೋಟೀನಿನ ಒಂದೇ ಜಾಗದಲ್ಲಿ ಹಲವು ಬಗೆಯ ಸರಪಳಿಗಳು ಕಾಣುವುದು ಈ ಕಾರಣಕ್ಕೆ. ಇಂಥ ರಚನೆಯನ್ನು ಜೀನುಗಳ ಪಟ್ಟಿ ಓದಿ ಊಹಿಸಲಾಗದು. ಒಂದು ಕಿಣ್ವವನ್ನು ತೆಗೆದು, ಮಿಕ್ಕವು ಏನು ಮಾಡುತ್ತವೆ ಎಂದು ನೋಡುವ ದಾರಿ ಮುಖ್ಯವಾದದ್ದು ಇಲ್ಲಿಂದ.

ಕ್ಯಾನ್ಸರ್ ಕೋಶಗಳ ಗ್ಲೈಕನ್‌ಗಳು ಸಹಜ ಕೋಶಗಳ ಗ್ಲೈಕನ್‌ಗಳಿಂದ ಬೇರೆಯಾಗಿರುತ್ತವೆ. ಎನ್-ಗ್ಲೈಕನ್‌ಗಳಲ್ಲಿ ಕವಲು ಹೆಚ್ಚುವುದು, ತುದಿಗಳಲ್ಲಿ ಸಯಾಲಿಕ್ ಆಮ್ಲ ಹೆಚ್ಚುವುದು, ಓ-ಗ್ಲೈಕನ್‌ಗಳು ಮೊದಲ ಸಕ್ಕರೆಗೇ ನಿಂತು ಮೊಟಕಾಗುವುದು ಪದೇ ಪದೇ ಕಂಡ ಬದಲಾವಣೆಗಳು. ಮೊಟಕಾಗಿ ಉಳಿದ ಆ ಒಂಟಿ ಸಕ್ಕರೆಗೆ ಟಿಎನ್ ಪ್ರತಿಜನಕ ಎಂದು ಹೆಸರು. ಈ ಬದಲಾವಣೆಗಳು ರೋಗದ ಕಾರಣವೋ, ಪರಿಣಾಮವೋ, ಬರಿಯ ಜೊತೆಗಾರರೋ ಎಂಬುದು ದಶಕಗಳಿಂದ ಕಾಡಿದ ಪ್ರಶ್ನೆ.

ತೆಗೆದು ನೋಡುವ ವಿಧಾನ ಬೆಳೆದ ಬಗೆ

ಜೀನಿಗೆ ಗುರಿಯಿಟ್ಟು ಕತ್ತರಿಸುವ ತಂತ್ರ ಬರುವುದಕ್ಕೆ ಮೊದಲೇ ಈ ವಿಧಾನ ಆರಂಭವಾಗಿತ್ತು. 1950ರ ದಶಕದಲ್ಲಿ ಥಿಯೋಡರ್ ಪಕ್ ಚೀನೀ ಹ್ಯಾಮ್‌ಸ್ಟರಿನ ಅಂಡಾಶಯದಿಂದ ಸಿಎಚ್‌ಓ ಎಂಬ ಕೋಶತಳಿಯನ್ನು ಬೆಳೆಸಿದರು. 1970ರ ದಶಕದಿಂದ ಪಮೇಲಾ ಸ್ಟ್ಯಾನ್ಲಿ ಮತ್ತು ಸಂಗಡಿಗರು ಆ ಕೋಶಗಳಿಗೆ ಲೆಕ್ಟಿನ್‌ಗಳನ್ನು ಉಣಿಸಿದರು. ಲೆಕ್ಟಿನ್ ಎಂದರೆ ನಿರ್ದಿಷ್ಟ ಸಕ್ಕರೆಯನ್ನು ಹಿಡಿಯುವ ಪ್ರೋಟೀನು. ರಾಜ್ಮಾ, ಕಡಲೆಕಾಯಿ, ಹಲಸಿನ ಬೀಜ ಮೊದಲಾದವುಗಳಲ್ಲಿ ಹೇರಳವಾಗಿರುತ್ತದೆ. ರಾಜ್ಮಾದ ಲೆಕ್ಟಿನ್ ಅಂಟಿದ ಕೋಶಗಳು ಸತ್ತವು. ಬದುಕಿ ಉಳಿದವು, ಆ ಲೆಕ್ಟಿನ್ ಹಿಡಿಯುವ ಸಕ್ಕರೆಯನ್ನು ಕಟ್ಟುವ ಶಕ್ತಿಯನ್ನೇ ಆಕಸ್ಮಿಕವಾಗಿ ಕಳೆದುಕೊಂಡಿದ್ದ ಕೋಶಗಳು. ಹೀಗೆ ದೊರೆತ ಲೆಕ್-1 ತಳಿಯಲ್ಲಿ ಎಂಗ್ಯಾಟ್-1 ಕಿಣ್ವ ಇಲ್ಲ. ಆದ್ದರಿಂದ ಅದರ ಎನ್-ಗ್ಲೈಕನ್‌ಗಳು ಸಂಕೀರ್ಣ ಕವಲುಗಳಾಗಿ ಬೆಳೆಯುವುದಿಲ್ಲ.

ಬೇಕಾದ ಜೀನನ್ನೇ ಆರಿಸಿ ಕೆಡಿಸುವ ಕೆಲಸ ಸಸ್ತನಿಗಳ ಪೈಕಿ ಮೊದಲು ಇಲಿಗಳಲ್ಲಿ ಕೈಗೂಡಿತು. ಅದಕ್ಕಾಗಿ ಮಾರಿಯೋ ಕಪೆಕ್ಕಿ, ಮಾರ್ಟಿನ್ ಇವಾನ್ಸ್, ಆಲಿವರ್ ಸ್ಮಿಥೀಸ್ ಅವರಿಗೆ 2007ರ ನೊಬೆಲ್ ಬಂತು. ಮಾನವ ಕೋಶತಳಿಗಳಲ್ಲಿ ಈ ಕೆಲಸವನ್ನು ಸರಾಗ ಮಾಡಿದ್ದು ಡಿಎನ್ಎ ಕತ್ತರಿಸುವ ಕಿಣ್ವಗಳಾದ ಝಿಂಕ್ ಫಿಂಗರ್ ನ್ಯೂಕ್ಲಿಯೇಸ್‌ಗಳು, ಆಮೇಲೆ ಕ್ರಿಸ್ಪರ್. 2012ರಲ್ಲಿ ಎಮ್ಯಾನುಯೆಲ್ ಶಾರ್ಪೆಂಟಿಯರ್ ಮತ್ತು ಜೆನಿಫರ್ ಡೌಡ್ನಾ ತೋರಿಸಿಕೊಟ್ಟ ಕ್ರಿಸ್ಪರ್-ಕ್ಯಾಸ್9 ವಿಧಾನದಲ್ಲಿ ಒಂದು ಮಾರ್ಗದರ್ಶಿ ಆರ್‌ಎನ್‌ಎ ಕಿಣ್ವವನ್ನು ಜೀನಿನ ನಿಗದಿತ ಜಾಗಕ್ಕೆ ಕರೆದೊಯ್ಯುತ್ತದೆ, ಕಿಣ್ವ ಡಿಎನ್ಎಯ ಎರಡೂ ಎಳೆಗಳನ್ನು ಕತ್ತರಿಸುತ್ತದೆ. ಕೋಶ ಆ ತುಂಡುಗಳನ್ನು ಅವಸರದಲ್ಲಿ ಜೋಡಿಸುವಾಗ ಒಂದೆರಡು ಅಕ್ಷರ ಬಿಟ್ಟುಹೋಗಬಹುದು ಅಥವಾ ಹೆಚ್ಚಾಗಿ ಸೇರಬಹುದು. ಮೂರು ಮೂರು ಅಕ್ಷರಗಳಾಗಿ ಓದುವ ಕ್ರಮ ತಪ್ಪಿದೊಡನೆ ಪ್ರೋಟೀನು ಅರ್ಧಕ್ಕೆ ನಿಲ್ಲುತ್ತದೆ.

ಇದೇ ಘಟನೆ ಪ್ರಕೃತಿಯಲ್ಲೂ ನಡೆದಿದೆ. ಎ ಮತ್ತು ಬಿ ರಕ್ತಗುಂಪುಗಳೆಂದರೆ ಕೆಂಪು ರಕ್ತಕಣದ ಮೇಲಿನ ಸಕ್ಕರೆಗಳೇ. ಓ ಗುಂಪಿನವರಲ್ಲಿ ಆ ಸಕ್ಕರೆಗಳನ್ನು ಸೇರಿಸುವ ಕಿಣ್ವದ ಜೀನು ಸಾಮಾನ್ಯವಾಗಿ ಒಂದೇ ಒಂದು ಅಕ್ಷರ ಕಳೆದುಕೊಂಡು ನಿಷ್ಫಲವಾಗಿರುತ್ತದೆ ಎಂದು 1990ರಲ್ಲಿ ತಿಳಿದುಬಂತು. ಗ್ಲೈಕೋಸಿಲೇಶನ್ನಿನ ಒಂದು ನಾಕೌಟನ್ನು ಕೋಟ್ಯಂತರ ಜನರು ಹುಟ್ಟಿನಿಂದಲೇ ಹೊತ್ತಿದ್ದಾರೆ.

ಓ-ಗ್ಲೈಕನ್‌ಗಳ ಅಧ್ಯಯನದಲ್ಲಿ ತಿರುವು ತಂದದ್ದು ಕಾಸ್ಮ್‌ಸಿ ಎಂಬ ಜೀನು. ಟಿಎನ್ ಮೇಲೆ ಎರಡನೆಯ ಸಕ್ಕರೆಯಾದ ಗ್ಯಾಲಕ್ಟೋಸನ್ನು ಸೇರಿಸುವ ಕಿಣ್ವ ಸರಿಯಾಗಿ ಮಡಚಿಕೊಳ್ಳಲು ಕಾಸ್ಮ್‌ಸಿಯ ನೆರವು ಬೇಕೇ ಬೇಕು. ಇದನ್ನು ಟೊಂಗ್‌ಝೊಂಗ್ ಜು ಮತ್ತು ರಿಚರ್ಡ್ ಕಮ್ಮಿಂಗ್ಸ್ 2002ರಲ್ಲಿ ಕಂಡುಹಿಡಿದರು. ಪ್ರಯೋಗಾಲಯಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದ್ದ ಜರ್ಕ್ಯಾಟ್ ಎಂಬ ರಕ್ತಕ್ಯಾನ್ಸರ್ ಕೋಶತಳಿಯಲ್ಲಿ ಈ ಜೀನು ತಾನಾಗಿಯೇ ಕೆಟ್ಟಿತ್ತು. 2011ರಲ್ಲಿ ಕೋಪನ್‌ಹೇಗನ್ನಿನ ಹೆನ್ರಿಕ್ ಕ್ಲಾಸನ್ ಅವರ ತಂಡ ಕಾಸ್ಮ್‌ಸಿಯನ್ನು ಬೇಕೆಂದೇ ತೆಗೆದು ‘ಸಿಂಪಲ್ ಸೆಲ್’ ಎಂಬ ತಳಿಗಳನ್ನು ರೂಪಿಸಿತು. ಅವುಗಳ ಎಲ್ಲ ಓ-ಗ್ಲೈಕನ್‌ಗಳೂ ಒಂದೆರಡು ಸಕ್ಕರೆಗಳಿಗೆ ಮೊಟಕಾದ್ದರಿಂದ, ಯಾವ ಪ್ರೋಟೀನಿನ ಯಾವ ಜಾಗದಲ್ಲಿ ಸಕ್ಕರೆ ಅಂಟಿದೆ ಎಂದು ಅಳೆಯುವುದು ಸುಲಭವಾಯಿತು. 2013ರ ಹೊತ್ತಿಗೆ 12 ಮಾನವ ಕೋಶತಳಿಗಳಿಂದ 600ಕ್ಕೂ ಹೆಚ್ಚು ಪ್ರೋಟೀನುಗಳಲ್ಲಿ ಸುಮಾರು 3000 ಜಾಗಗಳ ನಕ್ಷೆ ಸಿದ್ಧವಾಯಿತು. ಸರಪಳಿ ತುಂಬಿದ್ದಾಗ ಮರೆಯಾಗಿದ್ದ ಸಂಗತಿ ಸರಪಳಿ ಇಲ್ಲವಾದಾಗ ಬೆಳಕಿಗೆ ಬಂತು.

ಅಭಾವ ಎಂದರೆ ಏನು

ವೈಶೇಷಿಕ ದರ್ಶನದ ಮೂಲ ಪಟ್ಟಿಯಲ್ಲಿದ್ದ ಪದಾರ್ಥಗಳು ಆರು: ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ. ಮುಂದಿನವರು ಅಭಾವವನ್ನು ಏಳನೆಯದಾಗಿ ಸೇರಿಸಿದರು. ಶಿವಾದಿತ್ಯನ ಸಪ್ತಪದಾರ್ಥೀ, ಅನ್ನಂಭಟ್ಟನ ತರ್ಕಸಂಗ್ರಹ ಈ ಏಳನ್ನೂ ಹೇಳುತ್ತವೆ. ‘ನೆಲದ ಮೇಲೆ ಮಡಕೆ ಇಲ್ಲ’ ಎಂಬ ತಿಳಿವಳಿಕೆ ಸುಳ್ಳಲ್ಲ. ಸುಳ್ಳಲ್ಲದ ತಿಳಿವಳಿಕೆಗೆ ಒಂದು ವಿಷಯ ಇರಲೇಬೇಕು. ಆ ವಿಷಯವೇ ಮಡಕೆಯ ಅಭಾವ ಎಂಬುದು ನ್ಯಾಯದರ್ಶನದವರಾದ ನೈಯಾಯಿಕರ ವಾದ. ಪ್ರಾಭಾಕರ ಮೀಮಾಂಸಕರು ಇದನ್ನು ಒಪ್ಪಲಿಲ್ಲ. ಅವರ ಪ್ರಕಾರ ಅಲ್ಲಿರುವುದು ಬರಿಯ ನೆಲ ಮಾತ್ರ. ಅದಕ್ಕೆ ಅಭಾವವೆಂಬ ಬೇರೊಂದು ವಸ್ತುವನ್ನು ಕಲ್ಪಿಸಬೇಕಾಗಿಲ್ಲ.

ಈ ಜಗಳದಲ್ಲಿ ನ್ಯಾಯದರ್ಶನ ರೂಪಿಸಿದ ಎರಡು ಕಲ್ಪನೆಗಳು ಬಹಳ ಮುಖ್ಯ. ಯಾವುದರ ಅಭಾವವೋ ಅದು ಪ್ರತಿಯೋಗಿ. ಅಭಾವ ಎಲ್ಲಿದೆಯೋ ಅದು ಅಧಿಕರಣ. ಇವೆರಡನ್ನೂ ಹೇಳದೆ ‘ಇಲ್ಲ’ ಎಂದಷ್ಟೇ ಹೇಳಿದರೆ ಏನನ್ನೂ ಹೇಳಿದಂತಾಗದು. ನಾಕೌಟ್ ಕೋಶಕ್ಕೂ ಇದೇ ನಿಯಮ. ‘ಕಾಸ್ಮ್‌ಸಿ ಇಲ್ಲದ ಕೋಶ’ ಎಂಬ ಮಾತು ಪೂರ್ತಿಯಲ್ಲ. ಜೀನಿನ ಅಕ್ಷರಗಳಿಲ್ಲವೋ, ಪ್ರೋಟೀನಿಲ್ಲವೋ, ಪ್ರೋಟೀನಿದ್ದೂ ಕೆಲಸ ಮಾಡುತ್ತಿಲ್ಲವೋ ಎಂದು ಪ್ರತಿಯೋಗಿಯನ್ನು ಗೊತ್ತುಮಾಡಬೇಕು. ಚರ್ಮದ ಕೋಶವೋ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಕೋಶವೋ, ಮೂತ್ರಪಿಂಡ ಮೂಲದ ಎಚ್‌ಇಕೆ 293 ಕೋಶವೋ ಎಂದು ಅಧಿಕರಣವನ್ನೂ ಹೇಳಬೇಕು. ಬಹುಪಾಲು ಕ್ಯಾನ್ಸರ್ ಕೋಶತಳಿಗಳಲ್ಲಿ ವರ್ಣತಂತುಗಳ ಸಂಖ್ಯೆಯೇ ಏರುಪೇರಾಗಿರುತ್ತದೆ. ಒಂದು ಜೀನಿನ ಮೂರು ಪ್ರತಿಗಳಿದ್ದು ಎರಡನ್ನು ಮಾತ್ರ ಕೆಡಿಸಿದರೆ ಅದು ಅಭಾವವಲ್ಲ, ಕೊರತೆ ಮಾತ್ರ. ಕಾಸ್ಮ್‌ಸಿ ಎಕ್ಸ್ ವರ್ಣತಂತುವಿನಲ್ಲಿದೆ. ಒಂದೇ ಪ್ರತಿ ಸಕ್ರಿಯವಾಗಿರುವ ಕೋಶದಲ್ಲಿ ಒಂದು ಪೆಟ್ಟಿಗೇ ಅದು ಪೂರ್ತಿ ಇಲ್ಲವಾಗುತ್ತದೆ.

ಅಭಾವದಲ್ಲಿ ನಾಲ್ಕು ಬಗೆ. ಹುಟ್ಟುವುದಕ್ಕೆ ಮೊದಲಿನದು ಪ್ರಾಗಭಾವ. ಅದಕ್ಕೆ ಆದಿಯಿಲ್ಲ, ಅಂತ್ಯವಿದೆ. ನಾಶವಾದ ಮೇಲಿನದು ಪ್ರಧ್ವಂಸಾಭಾವ. ಅದಕ್ಕೆ ಆದಿಯಿದೆ, ಅಂತ್ಯವಿಲ್ಲ. ಮೂರು ಕಾಲಕ್ಕೂ ಇಲ್ಲದಿರುವುದು ಅತ್ಯಂತಾಭಾವ. ಇದು ಅದಲ್ಲ ಎಂಬುದು ಅನ್ಯೋನ್ಯಾಭಾವ. ಜೀವಶಾಸ್ತ್ರದಲ್ಲಿ ಈ ವಿಂಗಡಣೆ ದೊಡ್ಡ ತಪ್ಪೊಂದನ್ನು ತಡೆಯುತ್ತದೆ. ಒಂದು ಅಂಗಾಂಶ ಇನ್ನೂ ಒಂದು ಸಕ್ಕರೆಯನ್ನು ಕಟ್ಟಲು ಆರಂಭಿಸಿಲ್ಲವೆಂದರೆ ಅದು ಪ್ರಾಗಭಾವ. ಕ್ರಿಸ್ಪರ್ ಮಾಡಿದ್ದು ಪ್ರಧ್ವಂಸ. ಆ ಕೋಶದ ಮಕ್ಕಳು, ಮೊಮ್ಮಕ್ಕಳಲ್ಲೆಲ್ಲ ಅದು ಮುಂದುವರಿಯುತ್ತದೆ. ಓ ರಕ್ತಗುಂಪಿನವರಲ್ಲಿ ಎ ಸಕ್ಕರೆ ಎಂದೂ ಇರಲಿಲ್ಲ, ಎಂದೂ ಬರುವುದಿಲ್ಲ; ಅದು ಅತ್ಯಂತಾಭಾವ. ಮೇದೋಜೀರಕ ಗ್ರಂಥಿಯ ಗೆಡ್ಡೆಗಳಲ್ಲಿ ಆಗುವುದು ಇವುಗಳಿಗಿಂತ ಬೇರೆ. 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿ ಕಾಸ್ಮ್‌ಸಿ ಜೀನು ಅನೇಕ ವೇಳೆ ಮಿಥೈಲ್ ಗುಂಪುಗಳ ಹೊರೆಯಿಂದ ಮೌನವಾಗಿರುತ್ತದೆ. ಜೀನಿನ ಬರಹ ಅಲ್ಲೇ ಇರುತ್ತದೆ, ಅದನ್ನು ಓದುವುದು ಮಾತ್ರ ನಿಂತಿರುತ್ತದೆ. ಅದು ಮರಳಬಹುದು ಕೂಡ. ನಾಕೌಟ್ ಕೋಶ ಈ ಮೌನವನ್ನು ಪ್ರಧ್ವಂಸದ ಮೂಲಕ ಅನುಕರಿಸುತ್ತದೆ. ಎರಡರ ಫಲ ಒಂದೇ ರೀತಿ ಕಂಡರೂ ಎರಡೂ ಒಂದೇ ಬಗೆಯ ಅಭಾವವಲ್ಲ ಎಂಬ ನೆನಪು ಇರಬೇಕು.

ಕಾಣಬಹುದಾದದ್ದು ಕಾಣದಿದ್ದರೆ

ಅಭಾವವನ್ನು ತಿಳಿಯುವುದು ಹೇಗೆ? ಏಳನೆಯ ಶತಮಾನದ ಕುಮಾರಿಲ ಭಟ್ಟನ ಪರಂಪರೆ ಇದಕ್ಕೆ ಅನುಪಲಬ್ಧಿ, ಅಂದರೆ ಕಾಣದಿರುವಿಕೆ, ಎಂಬ ಪ್ರತ್ಯೇಕ ಪ್ರಮಾಣವನ್ನು (ಅರಿವಿನ ಸಾಧನವನ್ನು) ಒಪ್ಪುತ್ತದೆ; ಅದ್ವೈತಿಗಳೂ ಒಪ್ಪುತ್ತಾರೆ. ನೈಯಾಯಿಕರು ಅಭಾವವನ್ನು ಪ್ರತ್ಯಕ್ಷದಲ್ಲೇ ಸೇರಿಸುತ್ತಾರೆ. ಬೌದ್ಧ ತಾರ್ಕಿಕ ಧರ್ಮಕೀರ್ತಿ ಅನುಪಲಬ್ಧಿಯನ್ನು ಅನುಮಾನದ ಹೇತುವಾಗಿ ಕಾಣುತ್ತಾನೆ. ದಾರಿ ಬೇರೆಯಾದರೂ ಇವರೆಲ್ಲ ಒಂದು ಷರತ್ತನ್ನು ಒಪ್ಪಿದ್ದಾರೆ: ವಸ್ತು ಕಾಣುವುದಕ್ಕೆ ಯೋಗ್ಯವಾಗಿದ್ದು, ಕಾಣಲು ಬೇಕಾದ ಮಿಕ್ಕೆಲ್ಲ ಸಾಮಗ್ರಿ ಇದ್ದೂ ಅದು ಕಾಣದಿದ್ದರೆ ಮಾತ್ರ ಅದು ಇಲ್ಲ ಎನ್ನಬಹುದು. ಕತ್ತಲಲ್ಲಿ ಮಡಕೆ ಕಾಣದಿದ್ದರೆ ಮಡಕೆ ಇಲ್ಲವೆಂದಾಗದು. ಈ ಷರತ್ತಿಗೆ ಯೋಗ್ಯಾನುಪಲಬ್ಧಿ ಎಂದು ಹೆಸರು.

ಕಾಸ್ಮ್‌ಸಿ ನಾಕೌಟ್ ಆಗಿದೆಯೇ ಎಂದು ಪರೀಕ್ಷಿಸುವ ಕ್ರಮದಲ್ಲಿ ಈ ಷರತ್ತು ಕಣ್ಣಿಗೆ ಕಾಣುತ್ತದೆ. ಕಡಲೆಕಾಯಿಯ ಲೆಕ್ಟಿನ್ ಗ್ಯಾಲಕ್ಟೋಸ್ ಸೇರಿದ ಎರಡು ಸಕ್ಕರೆಯ ಸರಪಳಿಯನ್ನು ಹಿಡಿಯುತ್ತದೆ. ಹಲಸಿನ ಬೀಜದ ಜಕಾಲಿನ್ ಅದನ್ನೂ ಹಿಡಿಯುತ್ತದೆ, ಮೊಟಕಾದ ಟಿಎನ್ ಅನ್ನೂ ಹಿಡಿಯುತ್ತದೆ. ಈ ಎರಡು ಲೆಕ್ಟಿನ್‌ಗಳ ಮೂರು ಆಯಾಮದ ರಚನೆಯನ್ನು 1990ರ ದಶಕದಲ್ಲಿ ಬಿಡಿಸಿ ತೋರಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಅವರ ತಂಡ. ಕಡಲೆಕಾಯಿ ಲೆಕ್ಟಿನ್ ಒಂದು ಕೋಶಕ್ಕೆ ಅಂಟಲಿಲ್ಲ ಎಂದಮಾತ್ರಕ್ಕೆ ಎರಡನೆಯ ಸಕ್ಕರೆ ಅಲ್ಲಿಲ್ಲ ಎನ್ನಲಾಗದು. ಅದರ ಮೇಲೆ ಸಯಾಲಿಕ್ ಆಮ್ಲ ಕೂತು ಮರೆಮಾಡಿರಬಹುದು. ಆದ್ದರಿಂದ ನ್ಯೂರಮಿನಿಡೇಸ್ ಎಂಬ ಕಿಣ್ವದಿಂದ ಸಯಾಲಿಕ್ ಆಮ್ಲವನ್ನು ಮೊದಲು ತೆಗೆಯುತ್ತಾರೆ. ಮರೆ ಸರಿದ ಮೇಲೂ ಲೆಕ್ಟಿನ್ ಅಂಟದಿದ್ದರೆ, ಟಿಎನ್ ಅನ್ನು ಗುರುತಿಸುವ ಪ್ರತಿಕಾಯ ಅಂಟಿದರೆ, ಆಗ ‘ಇಲ್ಲ’ ಎಂಬ ಮಾತಿಗೆ ಬಲ ಬರುತ್ತದೆ.

ಈ ಷರತ್ತು ಮರೆತರೆ ಆಗುವ ಅನಾಹುತ ಪ್ರಯೋಗಾಲಯದ ಗೋಡೆಯೊಳಗೆ ಉಳಿಯುವುದಿಲ್ಲ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಚಿಕಿತ್ಸೆಯಲ್ಲಿ ರೋಗದ ಗತಿಯನ್ನು ಗಮನಿಸಲು ರಕ್ತದಲ್ಲಿ ಸಿಎ 19-9 ಎಂಬ ಗುರುತನ್ನು ಅಳೆಯುತ್ತಾರೆ. ಅದು ಸಯಾಲಿಲ್ ಲೂಯಿಸ್-ಎ ಎಂಬ ಗ್ಲೈಕನ್. ಅದನ್ನು ಕಟ್ಟಲು ಎಫ್‌ಯುಟಿ-3 ಕಿಣ್ವ ಬೇಕು. ಜನರಲ್ಲಿ ಸುಮಾರು ಶೇಕಡಾ 5ರಿಂದ 10 ಮಂದಿಗೆ ಹುಟ್ಟಿನಿಂದಲೇ ಆ ಕಿಣ್ವ ಇರುವುದಿಲ್ಲ. ಗೆಡ್ಡೆ ಬೆಳೆದರೂ ಅವರ ರಕ್ತದಲ್ಲಿ ಈ ಗುರುತು ಸಾಮಾನ್ಯವಾಗಿ ಏರುವುದಿಲ್ಲ. ಅವರ ವರದಿಯಲ್ಲಿ ಕಾಣುವ ‘ಇಲ್ಲ’ ಸಕ್ಕರೆಯ ಅಭಾವವನ್ನು ಮಾತ್ರ ಹೇಳುತ್ತದೆ, ರೋಗದ ಅಭಾವವನ್ನಲ್ಲ.

ಬಾಂಬೆ ರಕ್ತದ ಗುಂಪು ಇನ್ನೊಂದು ಪಾಠ. ವೈ. ಎಂ. ಭೇಂಡೆ ಮತ್ತು ಸಂಗಡಿಗರು 1952ರಲ್ಲಿ ವರದಿ ಮಾಡಿದ ಈ ಗುಂಪಿನವರಲ್ಲಿ ಎ, ಬಿ ಸಕ್ಕರೆಗಳಿಗೆ ತಳಹದಿಯಾದ ಎಚ್ ಎಂಬ ರಚನೆಯೇ ಇರುವುದಿಲ್ಲ. ಅದನ್ನು ಕಟ್ಟುವ ಎಫ್‌ಯುಟಿ-1 ಜೀನು ಕೆಟ್ಟಿರುತ್ತದೆ. ಎ ಅಥವಾ ಬಿ ಕಿಣ್ವದ ಜೀನು ಸರಿಯಾಗಿಯೇ ಇದ್ದರೂ ಸಕ್ಕರೆ ಸೇರಿಸಲು ಆಧಾರವಿಲ್ಲದ ಕಾರಣ ಇವರ ರಕ್ತ ಸಾಮಾನ್ಯ ಪರೀಕ್ಷೆಯಲ್ಲಿ ಓ ಗುಂಪಿನಂತೆ ತೋರುತ್ತದೆ. ಒಂದರ ಅಭಾವ ಮತ್ತೊಂದರ ಇರುವಿಕೆಯನ್ನು ಮುಚ್ಚಿಬಿಟ್ಟಿದೆ. ಹಾಗೆ ನಂಬಿ ಓ ರಕ್ತ ಕೊಟ್ಟರೆ ಅವರ ಪ್ರಾಣಕ್ಕೇ ಅಪಾಯ. ಕಾಣಲಿಲ್ಲ ಎಂಬುದರಿಂದ ಇಲ್ಲ ಎಂಬುದಕ್ಕೆ ಹೋಗುವ ಹೆಜ್ಜೆಯನ್ನು ಎಷ್ಟು ಜೋಪಾನವಾಗಿ ಇಡಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಅನ್ವಯ ಮತ್ತು ವ್ಯತಿರೇಕ

ಒಂದು ಇದ್ದರೆ ಇನ್ನೊಂದು ಇರುತ್ತದೆ ಎಂಬುದು ಅನ್ವಯ. ಒಂದು ಇಲ್ಲದಿದ್ದರೆ ಇನ್ನೊಂದೂ ಇಲ್ಲ ಎಂಬುದು ವ್ಯತಿರೇಕ. ಕಾರಣವನ್ನು ನಿರ್ಣಯಿಸಲು ಎರಡೂ ಕೂಡಿಬರಬೇಕೆಂಬುದು ಭಾರತೀಯ ಶಾಸ್ತ್ರಗಳ ನಿಲುವು. ಯುರೋಪಿನಲ್ಲಿ ಜಾನ್ ಸ್ಟುವರ್ಟ್ ಮಿಲ್ 1843ರ ತನ್ನ ತರ್ಕಗ್ರಂಥದಲ್ಲಿ ಇದಕ್ಕೆ ಸಮೀಪವಾದ ವಿಧಾನಗಳನ್ನು ವಿವರಿಸಿದ. ನಾಕೌಟ್ ಎಂದರೆ ವ್ಯತಿರೇಕದ ಪರೀಕ್ಷೆ. ಕಳೆದ ಜೀನನ್ನು ಮರಳಿ ಸೇರಿಸಿ, ಕಳೆದುಹೋದ ಗುಣ ಮರಳುತ್ತದೆಯೇ ಎಂದು ನೋಡುವುದು ಅನ್ವಯದ ಪರೀಕ್ಷೆ.

ಎರಡೂ ಸೊಗಸಾಗಿ ಕೂಡಿದ ಉದಾಹರಣೆ 1986ರಲ್ಲಿ ಮಾಂಟಿ ಕ್ರೀಗರ್ ಅವರ ತಂಡ ವಿವರಿಸಿದ ಎಲ್‌ಡಿಎಲ್-ಡಿ ಎಂಬ ಸಿಎಚ್‌ಓ ತಳಿ. ಗ್ಲೂಕೋಸಿನಿಂದ ಗ್ಯಾಲಕ್ಟೋಸನ್ನೂ ಎನ್-ಅಸಿಟೈಲ್ ಗ್ಯಾಲಕ್ಟೋಸಮೈನನ್ನೂ ಪಡೆಯಲು ಬೇಕಾದ ಕಿಣ್ವ ಆ ಕೋಶಗಳಲ್ಲಿಲ್ಲ. ಹೊರಗಿನಿಂದ ಈ ಎರಡು ಸಕ್ಕರೆಗಳನ್ನು ಆಹಾರದಲ್ಲಿ ಬೆರೆಸಿದರೆ ಸರಪಳಿಗಳು ಮತ್ತೆ ಪೂರ್ತಿ ಬೆಳೆಯುತ್ತವೆ. ಒಂದನ್ನು ಮಾತ್ರ ಕೊಟ್ಟರೆ ಅದಕ್ಕೆ ತಕ್ಕಷ್ಟು ಮಾತ್ರ. ಜೀನನ್ನು ಮರಳಿ ಸೇರಿಸುವ ಪ್ರಯೋಗ ಇಷ್ಟು ನಿಚ್ಚಳವಲ್ಲ. ನಾಶವಾದದ್ದು ಹಿಂದಿರುಗುವುದಿಲ್ಲ ಎಂಬ ಪ್ರಧ್ವಂಸಾಭಾವದ ಲಕ್ಷಣ ಇಲ್ಲಿ ನಿಜವಾಗುತ್ತದೆ. ಸೇರಿಸುವುದು ಹೊಸದೊಂದು ಪ್ರತಿ. ಅದು ವರ್ಣತಂತುವಿನ ಬೇರೆ ಜಾಗದಲ್ಲಿ ಕೂರುತ್ತದೆ, ಮೊದಲಿಗಿಂತ ಹೆಚ್ಚು ಪ್ರೋಟೀನನ್ನು ತಯಾರಿಸಬಹುದು. ಆದ್ದರಿಂದ ಮರಳಿದ ಗುಣ ಹಳೆಯದೇ ಎನ್ನುವ ಮೊದಲು ಪ್ರೋಟೀನಿನ ಪ್ರಮಾಣವನ್ನೂ ಅಳೆಯಬೇಕು.

ಕಾರಣವಲ್ಲದೆ ಕಾರಣದ ಜೊತೆಗೆ ಇದ್ದುಬಿಡುವುದನ್ನು ನ್ಯಾಯಶಾಸ್ತ್ರ ಅನ್ಯಥಾಸಿದ್ಧ ಎನ್ನುತ್ತದೆ. ಮಣ್ಣು ಹೊತ್ತು ತಂದ ಕತ್ತೆ ಮಡಕೆಗೆ ಕಾರಣವಲ್ಲ. ನಾಕೌಟ್ ಪ್ರಯೋಗದಲ್ಲಿ ಅನ್ಯಥಾಸಿದ್ಧಗಳು ಹಲವು. ಕ್ರಿಸ್ಪರ್ ಗುರಿ ತಪ್ಪಿ ಬೇರೆ ಜೀನನ್ನು ಕತ್ತರಿಸಿರಬಹುದು. ಒಂದೇ ಕೋಶದಿಂದ ಬೆಳೆಸಿದ ಸಂತತಿಯಲ್ಲಿ ಆ ಕೋಶಕ್ಕೆ ಮೊದಲೇ ಇದ್ದ ವೈಚಿತ್ರ್ಯವೇ ಪರಿಣಾಮವಾಗಿ ತೋರಿರಬಹುದು. ಬೇರೆ ಬೇರೆ ಮಾರ್ಗದರ್ಶಿ ಆರ್‌ಎನ್‌ಎಗಳಿಂದ ಹಲವು ಸಂತತಿಗಳನ್ನು ಬೆಳೆಸಿ, ಎಲ್ಲದರಲ್ಲೂ ಒಂದೇ ಫಲ ಕಂಡರೆ ಮಾತ್ರ ನಂಬುವುದು ಈ ಕಾರಣಕ್ಕೆ.

ವ್ಯತಿರೇಕಕ್ಕೆ ಇನ್ನೊಂದು ತೊಡಕಿದೆ. ಜೀನನ್ನು ತೆಗೆದರೂ ಏನೂ ಬದಲಾಗದಿದ್ದರೆ ಆ ಜೀನು ಕಾರಣವೇ ಅಲ್ಲ ಎನ್ನಬಹುದೇ? ಓ-ಗ್ಲೈಕನ್ನಿನ ಮೊದಲ ಸಕ್ಕರೆಯನ್ನು ಅಂಟಿಸಲು ಮನುಷ್ಯರಲ್ಲಿ 20 ಸೋದರ ಕಿಣ್ವಗಳಿವೆ. ಒಂದು ಹೋದರೆ ಇನ್ನೊಂದು ಕೆಲಸ ವಹಿಸಿಕೊಳ್ಳುವುದುಂಟು. ಆದರೆ ಅವುಗಳಲ್ಲಿ ಒಂದಾದ ಗ್ಯಾಲ್ಎನ್‌ಟಿ-3 ಕೆಟ್ಟವರಲ್ಲಿ ಎಫ್‌ಜಿಎಫ್-23 ಎಂಬ ಹಾರ್ಮೋನಿಗೆ ರಕ್ಷಣೆ ತಪ್ಪಿ, ರಕ್ತದಲ್ಲಿ ಫಾಸ್ಫೇಟ್ ಏರಿ, ಕೀಲುಗಳ ಸುತ್ತ ಸುಣ್ಣದ ಗಂಟುಗಳು ಬೆಳೆಯುತ್ತವೆ. ಉಳಿದ ಸೋದರರು ಯಾರೂ ಆ ಒಂದು ಕೆಲಸಕ್ಕೆ ಒದಗುವುದಿಲ್ಲ. ಬದಲಾವಣೆ ಕಾಣದಿದ್ದಾಗ ಜೀನು ನಿಷ್ಪ್ರಯೋಜಕ ಎನ್ನುವುದು ಆತುರದ ಮಾತು. ಆ ಸನ್ನಿವೇಶದಲ್ಲಿ ಅದು ಅನಿವಾರ್ಯವಾಗಿರಲಿಲ್ಲ ಎಂಬುದಷ್ಟೇ ಸಿದ್ಧವಾಗಿದೆ.

ಅಭಾವ ಕಾರಣವಾಗಬಲ್ಲದೇ

ಬೆಂಕಿಯ ಬಳಿ ಚಂದ್ರಕಾಂತ ಮಣಿಯನ್ನಿಟ್ಟರೆ ಬೆಂಕಿ ಸುಡುವುದಿಲ್ಲ, ಮಣಿಯನ್ನು ತೆಗೆದರೆ ಸುಡುತ್ತದೆ ಎಂಬುದು ಶಾಸ್ತ್ರಗಳಲ್ಲಿ ಚರ್ಚೆಗೆ ಬಂದ ದೃಷ್ಟಾಂತ. ಬೆಂಕಿಯಲ್ಲಿ ಶಕ್ತಿಯೆಂಬ ಪ್ರತ್ಯೇಕ ಪದಾರ್ಥವಿದೆ, ಮಣಿ ಅದನ್ನು ತಡೆಯುತ್ತದೆ ಎಂದರು ಮೀಮಾಂಸಕರು. ಅಂಥ ಶಕ್ತಿ ಬೇಕಿಲ್ಲ, ಪ್ರತಿಬಂಧಕದ ಅಭಾವವೂ ಸುಡುವುದಕ್ಕೆ ಒಂದು ಕಾರಣವೆಂದರೆ ಸಾಕು ಎಂದರು ನೈಯಾಯಿಕರು.

ಕಾಸ್ಮ್‌ಸಿ ತೆಗೆದ ಕೋಶದಲ್ಲಿ ಈ ವಿವಾದ ಹೊಸ ರೂಪದಲ್ಲಿ ಎದ್ದು ನಿಲ್ಲುತ್ತದೆ. ಸಹಜ ಕೋಶದಲ್ಲಿ ಮೊದಲ ಸಕ್ಕರೆಯ ಮೇಲೆ ಗ್ಯಾಲಕ್ಟೋಸ್ ಬೇಗನೆ ಬಂದು ಕೂರುವುದರಿಂದ ಬೇರೆ ಕಿಣ್ವಗಳಿಗೆ ಎಡೆ ಸಿಗುವುದಿಲ್ಲ. ಗ್ಯಾಲಕ್ಟೋಸ್ ಬರದಾದಾಗ ಟಿಎನ್ ಬಯಲಾಗುತ್ತದೆ. ಎಸ್‌ಟಿ6 ಗ್ಯಾಲ್‌ನ್ಯಾಕ್-1 ಎಂಬ ಕಿಣ್ವವಿದ್ದರೆ ಅದಕ್ಕೆ ಸಯಾಲಿಕ್ ಆಮ್ಲ ಸೇರಿ ಸಯಾಲಿಲ್ ಟಿಎನ್ ಆಗುತ್ತದೆ. ತೆಗೆದದ್ದು ಒಂದು, ಹುಟ್ಟಿದ್ದು ಇನ್ನೊಂದು. 2014ರ ಅದೇ ಅಧ್ಯಯನದಲ್ಲಿ ಕಾಸ್ಮ್‌ಸಿ ತೆಗೆದ ಚರ್ಮಕೋಶಗಳು ಹೆಚ್ಚು ವೃದ್ಧಿಯಾದವು, ಅಂಗಾಂಶದ ಅಚ್ಚುಕಟ್ಟು ಸಡಿಲಿತು, ಆಕ್ರಮಣಶೀಲತೆ ಹೆಚ್ಚಿತು. ಉದ್ದ ಸರಪಳಿ ಇಲ್ಲದಿರುವುದು ಇದಕ್ಕೆ ಕಾರಣವೋ, ಹೊಸದಾಗಿ ಬಯಲಾದ ಟಿಎನ್ ಕಾರಣವೋ? ನಾಕೌಟ್ ಒಂದೇ ಇದನ್ನು ಬಗೆಹರಿಸದು, ಏಕೆಂದರೆ ಎರಡೂ ಒಟ್ಟಿಗೆ ಬರುತ್ತವೆ. ಸಯಾಲಿಲ್ ಟಿಎನ್ ಕಟ್ಟುವ ಕಿಣ್ವವನ್ನೂ ತೆಗೆದ ಜೋಡಿ ನಾಕೌಟ್, ಟಿಎನ್‌ಗೆ ಅಂಟುವ ಪ್ರತಿಕಾಯದಿಂದ ಅದನ್ನು ಮುಚ್ಚಿ ನೋಡುವ ಪ್ರಯೋಗ, ಇಂಥವುಗಳಿಂದ ಎರಡನ್ನು ಬಿಡಿಸಬೇಕಾಗುತ್ತದೆ. ಅಭಾವ ಕಾರಣವೆನಿಸಿದ ಕಡೆ ಅದರ ಮರೆಯಲ್ಲಿ ಒಂದು ಭಾವವಸ್ತು ಕೆಲಸ ಮಾಡುತ್ತಿರಬಹುದು ಎಂಬ ಮೀಮಾಂಸಕರ ಶಂಕೆ ಇಲ್ಲಿ ಉಪಕಾರಿ.

ಅಧಿಕರಣದ ಮಹತ್ವ

ಒಂದೇ ಜೀನಿನ ಅಭಾವ ಬೇರೆ ಬೇರೆ ಅಧಿಕರಣಗಳಲ್ಲಿ ಬೇರೆ ಬೇರೆ ಫಲ ಕೊಡುತ್ತದೆ. ಎಂಗ್ಯಾಟ್-1 ಇಲ್ಲದ ಲೆಕ್-1 ಕೋಶಗಳು ಗಾಜಿನ ತಟ್ಟೆಯಲ್ಲಿ ಆರೋಗ್ಯವಾಗಿ ಬೆಳೆಯುತ್ತವೆ. ಅದೇ ಜೀನು ಇಲ್ಲದ ಇಲಿಯ ಭ್ರೂಣಗಳು ಗರ್ಭದ ಸುಮಾರು ಹತ್ತನೆಯ ದಿನಕ್ಕೆ ಸಾಯುತ್ತವೆ ಎಂದು 1994ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ತೋರಿಸಿದವು. ಒಂಟಿ ಕೋಶಕ್ಕೆ ಬೇಡವಾದ ಸಕ್ಕರೆ, ಕೋಶಗಳು ಸೇರಿ ದೇಹ ಕಟ್ಟುವಾಗ ಪ್ರಾಣದಷ್ಟು ಮುಖ್ಯ. ಓ-ಗ್ಲೈಕನ್ನಿಗೆ ಗ್ಯಾಲಕ್ಟೋಸ್ ಸೇರಿಸುವ ಕಿಣ್ವವಿಲ್ಲದ ಇಲಿ ಭ್ರೂಣಗಳೂ ರಕ್ತನಾಳಗಳು ಸರಿಯಾಗಿ ರೂಪುಗೊಳ್ಳದೆ, ರಕ್ತಸ್ರಾವದಿಂದ ಸಾಯುತ್ತವೆ.

ಕ್ಯಾನ್ಸರಿನಲ್ಲೂ ಹೀಗೆಯೇ. ಮೇದೋಜೀರಕ ಗ್ರಂಥಿಯಲ್ಲಿ ಈ ಗ್ಯಾಲಕ್ಟೋಸ್ ತಪ್ಪಿಹೋಗುವುದು ರೋಗದ ಲಕ್ಷಣಗಳಿಗೆ ಇಂಬುಕೊಡುತ್ತದೆ. ಯಕೃತ್ತಿನ ಕ್ಯಾನ್ಸರಿನಲ್ಲಾದರೋ ಅದನ್ನು ಸೇರಿಸುವ ಕಿಣ್ವವೇ ಅತಿಯಾಗಿದ್ದು, ಅದನ್ನು ತಗ್ಗಿಸಿದಾಗ ಕೋಶಗಳ ಉಪಟಳ ಇಳಿದದ್ದು ವರದಿಯಾಗಿದೆ. ಎನ್-ಗ್ಲೈಕನ್ನಿಗೆ ಕವಲು ಸೇರಿಸುವ ಎಂಗ್ಯಾಟ್-5 ಇಲ್ಲದ ಇಲಿಗಳಲ್ಲಿ ಸ್ತನದ ಗೆಡ್ಡೆಯ ಬೆಳವಣಿಗೆಯೂ ಹರಡುವಿಕೆಯೂ ತಗ್ಗಿದ್ದನ್ನು 2000ದಲ್ಲಿ ಜೇಮ್ಸ್ ಡೆನ್ನಿಸ್ ಅವರ ತಂಡ ತೋರಿಸಿತು. ‘ಮೊಟಕು ಸರಪಳಿ ಕೆಟ್ಟದ್ದು, ತುಂಬು ಸರಪಳಿ ಒಳ್ಳೆಯದು’ ಎಂಬ ಸಾಮಾನ್ಯ ಸೂತ್ರ ಇವುಗಳ ಮುಂದೆ ನಿಲ್ಲುವುದಿಲ್ಲ. ಕಾರ್ಯ ಹುಟ್ಟುವುದು ಸಾಮಗ್ರಿಯಿಂದ, ಅಂದರೆ ಎಲ್ಲ ಕಾರಣಗಳ ಕೂಟದಿಂದ ಎಂಬ ನೈಯಾಯಿಕರ ಮಾತು ಇಲ್ಲಿ ಅಕ್ಷರಶಃ ಸತ್ಯ. ಒಂದನ್ನು ಕಳೆದಾಗ ಅಳೆಯುವುದು ಆ ಒಂದರ ಶಕ್ತಿಯನ್ನಲ್ಲ, ಅದಿಲ್ಲದ ಕೂಟದ ನಡವಳಿಕೆಯನ್ನು.

ಸಂಶೋಧಕರು ಅಧಿಕರಣವನ್ನು ದೇಹಕ್ಕೆ ಹತ್ತಿರ ತರಲು ಯತ್ನಿಸುತ್ತಿರುವುದೂ ಇದನ್ನು ಅರಿತೇ. ಕೋಪನ್‌ಹೇಗನ್ನಿನ ತಂಡ 2020ರಲ್ಲಿ ನಾಕೌಟ್ ಮಾಡಿದ ಚರ್ಮಕೋಶಗಳನ್ನು ತಟ್ಟೆಯಲ್ಲಿ ಒಂದೇ ಪದರವಾಗಿ ಬೆಳೆಸುವ ಬದಲು, ಪದರ ಪದರವಾದ ಚರ್ಮವಾಗಿಯೇ ಬೆಳೆಸಿ, ಯಾವ ಬಗೆಯ ಗ್ಲೈಕನ್ ಹೋದರೆ ಅಂಗಾಂಶದ ಯಾವ ಅಂಶ ಕೆಡುತ್ತದೆ ಎಂದು ಒಂದೊಂದಾಗಿ ನೋಡಿತು. ಇನ್ನು ಕೆಲವು ಜೀನುಗಳ ಅಭಾವವನ್ನು ಇಷ್ಟು ಸುಲಭವಾಗಿ ಪಡೆಯಲಾಗದು. ಕೋಶದೊಳಗಿನ ಪ್ರೋಟೀನುಗಳಿಗೆ ಒಂಟಿ ಸಕ್ಕರೆ ಅಂಟಿಸುವ ಓಜಿಟಿ ಕಿಣ್ವವಿಲ್ಲದೆ ಇಲಿಯ ಭ್ರೂಣ ಮೂಲಕೋಶಗಳು ಬದುಕುವುದೇ ಇಲ್ಲ. ಅಭಾವವನ್ನು ಹೊರಲು ಅಧಿಕರಣ ಉಳಿಯಬೇಕು. ಅಧಿಕರಣವೇ ಅಳಿದರೆ, ಜೀನು ಜೀವಕ್ಕೆ ಅನಿವಾರ್ಯ ಎಂಬುದಷ್ಟೇ ತಿಳಿಯುತ್ತದೆ. ಅದು ಏನು ಮಾಡುತ್ತದೆ ಎಂಬುದು ತಿಳಿಯುವುದಿಲ್ಲ.

ನಾಕೌಟ್ ಕೋಶ ಕೊಡುವ ಜ್ಞಾನದ ಸ್ವರೂಪ ಈಗ ಸ್ಪಷ್ಟ. ಅದು ನಿಜವಾದ ಜ್ಞಾನ. ಅಚ್ಚಿಲ್ಲದೆ ಕಟ್ಟುವ ಸಕ್ಕರೆಯ ಸರಪಳಿಗಳ ಕ್ರಮವನ್ನೂ ಅವುಗಳ ಪಾತ್ರವನ್ನೂ ಇಷ್ಟು ನಿಖರವಾಗಿ ತಿಳಿಸುವ ದಾರಿಗಳು ವಿರಳ. ಆದರೆ ಅದು ಪ್ರತಿಯೋಗಿಗೂ ಅಧಿಕರಣಕ್ಕೂ ಕಟ್ಟುಬಿದ್ದ ಜ್ಞಾನ. ‘ಈ ಜೀನಿನ ಕೆಲಸ ಇದು’ ಎಂಬ ನಿರುಪಾಧಿಕ ವಾಕ್ಯವನ್ನು ಅದು ಕೊಡಲಾರದು. ‘ಈ ಬಗೆಯ ಕೋಶದಲ್ಲಿ, ಉಳಿದದ್ದೆಲ್ಲ ಹೀಗಿರುವಾಗ, ಇದಿಲ್ಲದಿದ್ದರೆ ಹೀಗಾಗುತ್ತದೆ’ ಎಂಬ ಸೋಪಾಧಿಕ ವಾಕ್ಯವನ್ನು ಕೊಡಬಲ್ಲದು. ಟಿಎನ್ ಹೊತ್ತ ಪ್ರೋಟೀನುಗಳನ್ನು ಗುರಿಯಾಗಿಸಿದ ಪ್ರತಿಕಾಯಗಳು, ಅವುಗಳನ್ನು ಆಧರಿಸಿ ರೂಪಿಸುತ್ತಿರುವ ಕೋಶ ಚಿಕಿತ್ಸೆಗಳು ಈ ಜ್ಞಾನದ ಮೇಲೆಯೇ ನಿಂತಿವೆ. ತಟ್ಟೆಯಲ್ಲಿನ ಕೋಶದಿಂದ ರೋಗಿಯ ದೇಹಕ್ಕೆ ಹೋಗುವಾಗ ಅಧಿಕರಣ ಬದಲಾಗುತ್ತದೆ. ಆದ್ದರಿಂದ ಉಪಾಧಿಗಳನ್ನು ಒಂದೊಂದಾಗಿ ಮತ್ತೆ ಪರೀಕ್ಷಿಸುವುದು ತರ್ಕದ ನಿಯಮ ಮಾತ್ರವಲ್ಲ, ಚಿಕಿತ್ಸೆಗೆ ಮೈಯೊಡ್ಡುವ ಮನುಷ್ಯನ ವಿಷಯದಲ್ಲಿ ಸಲ್ಲಿಸಬೇಕಾದ ಕರ್ತವ್ಯವೂ ಹೌದು.